ಮೂರನೆಯ ತೊಟ್ಟಿ

ತೊಟ್ಟಿಗೆ ಕದ್ದು ಏನೋ ಸುರಿಯುತ್ತಿರುವವನು ಪಕ್ಕದ ಮನೆಯ ದರ್ಜಿಯೇ ಎಂದು ಬಣ್ಣಗಾರನಿಗೆ ಅಂದು ಬೆಳಿಗ್ಗೆ ಖಾತ್ರಿಯಾಯಿತು. ಆಸಾಮಿ ಕಣ್ಣಷ್ಟೇ ಕಾಣುವಂತೆ ಮುಖಕ್ಕೆ ಬಟ್ಟೆ ಸುತ್ತಿಕೊಂಡು ಗೋಡೆಯಂಚಿನಲ್ಲಿ ಸರಸರ ನಡೆದುಹೋದ. ನಡುಗೋಡೆಯ ವಿಷಯಕ್ಕೆ ಇಬ್ಬರೂ ಮಾತು ಬಿಟ್ಟು ವರ್ಷವಾಗಿತ್ತು. ಈಚೆಗೆ ಅವನು ಈ ಕಡೆಯ ಕಿಟಕಿಗಳನ್ನೂ ಮುಚ್ಚಿದ್ದ. ತಪ್ಪು ಮಾಡದವನಿಗೆ ಇಷ್ಟೆಲ್ಲ ಮುಚ್ಚುಮರೆ ಯಾಕೆ?

ಎರಡು ತಿಂಗಳಲ್ಲಿ ಎರಡು ತೊಟ್ಟಿ ಬಣ್ಣ ಚರಂಡಿ ಪಾಲಾಗಿತ್ತು. ಇದು ಮೂರನೆಯದು, ಈ ಸಲದ ಸೊಪ್ಪಿನಲ್ಲಿ ಕೊನೆಯದು. ಇದೂ ಕೈಕೊಟ್ಟರೆ ಕಾರ್ಖಾನೆಗೆ ಬೀಗ, ಹಿತ್ತಲಿನ ನೀಲಿ ಗಿಡಗಳಿಗೆ ಗುದ್ದಲಿ ಎಂದು ಬಣ್ಣಗಾರ ಮಗಳಿಗೆ ಹೇಳಿಬಿಟ್ಟಿದ್ದ. ಇದ್ದ ಕೆಲಸ ಬಿಟ್ಟು ಬಂದು ಈ ಕಸುಬು ಹಿಡಿದವಳು ಅವಳು. ಆ ಗಿಡಗಳನ್ನು ನೆಟ್ಟವಳೂ ಅವಳೇ.

ನೋಡಲು ನೀಲಿ ಗಿಡ ಬಲು ಸಾಧು. ಸೊಂಟದೆತ್ತರ, ಪುಟ್ಟ ಎಲೆ, ಬಟಾಣಿ ಹೂವಿನ ತಂಗಿಯಂಥ ಗುಲಾಬಿ ಹೂ. ಆದರೆ ಅದರಿಂದ ಬಣ್ಣ ಬಿಡಿಸುವಷ್ಟರಲ್ಲಿ ಜೀವ ಹೈರಾಣಾಗುತ್ತದೆ. ಹೂ ಪೂರ್ತಿ ಅರಳುವ ಮೊದಲೇ ಕೊಯ್ದು, ನೀರಲ್ಲಿ ಕೊಳೆಸಿ, ತೋಳು ಬಿದ್ದುಹೋಗುವಷ್ಟು ಬಡಿಯಬೇಕು. ತಳಕ್ಕಿಳಿದ ಗಸಿಯನ್ನು ಸುಣ್ಣ, ಬೆಲ್ಲದ ಜೊತೆ ತೊಟ್ಟಿಗೆ ಹಾಕಿ ಹುಳಿಯಲು ಬಿಡಬೇಕು. ಹದ ಬಂದದ್ದನ್ನು ಅದರ ಗಬ್ಬು ನಾತದಿಂದ ಮೂಗು ಹೇಳಬೇಕು. ಅದಕ್ಕೂ ಮೊದಲು ಒಂದು ನೂಲು ಅದ್ದಿದರೂ ತೊಟ್ಟಿಯೇ ಕೆಡುತ್ತದೆ ಎಂಬುದು ಬಣ್ಣಗಾರನಿಗೆ ಅವನಪ್ಪ ಕಲಿಸಿದ ಪಾಠ. ನಲವತ್ತು ವರ್ಷದಿಂದ ಆತ ಅದನ್ನು ಮೀರಿರಲಿಲ್ಲ.

ಕೇಡು ಶುರುವಾದದ್ದು ಅವನು ಜ್ವರ ಬಂದು ಮಲಗಿದಾಗ. ಹತ್ತು ದಿನ ಎಲ್ಲವೂ ಮಗಳ ಕೈಯಲ್ಲಿತ್ತು. ಎದ್ದು ಬಂದು ನೋಡಿದರೆ ತೊಟ್ಟಿ ಸತ್ತಿತ್ತು. ಅವಳ ಅಡುಗೆ ಕೂಡ ಆಗಿನಿಂದ ಸಪ್ಪೆ. ಹುಡುಗಿಯ ಮನಸ್ಸು ಯಾವುದರಲ್ಲೂ ನಿಲ್ಲುತ್ತಿಲ್ಲ ಎಂದು ಗೊಣಗಿ ಗೊಣಗಿ ಅವನಿಗೇ ಸಾಕಾಗಿಹೋಗಿತ್ತು.

ಈಗ ಆತ ಮೂರನೆಯ ತೊಟ್ಟಿಯ ಮೇಲೆ ಬಗ್ಗಿ ಉಸಿರೆಳೆದ. ಮತ್ತೊಮ್ಮೆ ಎಳೆದ. ಕುಡಿಯುವ ನೀರಿಗೂ ಇದಕ್ಕೂ ಏನೂ ವ್ಯತ್ಯಾಸವಿರಲಿಲ್ಲ.

"ಸತ್ತಿದೆ," ಅಂದ.

"ಮೇಲೆ ತಾಮ್ರದ ಹಾಗೆ ಪೊರೆ ಕಟ್ಟಿದೆಯಲ್ಲಪ್ಪ," ಅಂದಳು ಮಗಳು. "ನನಗೆ ಸರಿಯಾಗೇ ಇದೆ ಅನ್ಸುತ್ತೆ. ಒಂದು ಚೂರು ಬಟ್ಟೆ ಅದ್ದಿ ನೋಡೋಣ."

"ಪೊರೆ ನೋಡಿ ಹೇಳೋದಾದ್ರೆ ದಾರೀಲಿ ಹೋಗೋರೆಲ್ಲ ಬಣ್ಣಗಾರರೇ. ನೀನೂ ಆ ದರ್ಜಿ ಜೊತೆ ಸೇರ್ಕೊಂಡಿದೀಯೇನು?"

"ಹೋದ ಎರಡು ಸಲಾನೂ ನಾನು ಇದನ್ನೇ ಹೇಳಿದೆ."

"ಹೋದ ಎರಡು ಸಲಾನೂ ಸತ್ತೇ ಇತ್ತು."

ಒಂದು ಬೆಳೆಯ ಸೊಪ್ಪು, ಅಷ್ಟೂ ದಿನದ ಬೆವರು. ಆತ ಬಗ್ಗಿದವನೇ ತೊಟ್ಟಿಯ ಬುಡದ ಬಿರಡೆ ಕಿತ್ತೆಸೆದ. ನೀರು ಚರಂಡಿಗೆ ನುಗ್ಗಿತು.

ಮಗಳು ತಲೆಗೆ ಕಟ್ಟಿದ್ದ ಬಿಳಿ ಬಟ್ಟೆ ಬಿಚ್ಚಿ, ಮುದ್ದೆ ಮಾಡಿ ತೂತಿಗೆ ತುರುಕಿ, ಅಲ್ಲೇ ಕೈಯೊತ್ತಿ ಕೂತಳು.

"ಏಳು," ಎಂದು ರೇಗಿ ಆತ ಅವಳ ಕೈ ಸರಿಸಿ ಬಟ್ಟೆಯನ್ನು ಹಿರಿದ. ಅವಳು ಎದ್ದುಬಿದ್ದು ಬಿರಡೆ ಹುಡುಕಿ ತಂದು ಜಡಿದಳು. ಅರ್ಧ ತೊಟ್ಟಿ ಉಳಿದಿತ್ತು.

ಅವನ ಕೈಯಲ್ಲಿದ್ದ ಬಟ್ಟೆ ಎಳೆ ಚಿಗುರಿನ ಬಣ್ಣಕ್ಕೆ ತಿರುಗಿತ್ತು. ಗಾಳಿ ತಾಗಿದಂತೆ ಆ ಹಸಿರು ಅಂಚಿನಿಂದ ಮಾಯವಾಗತೊಡಗಿತು. ನೋಡನೋಡುತ್ತಿದ್ದಂತೆ ಇಡೀ ಬಟ್ಟೆ ನೀಲಿಯಾಯಿತು. ಅಂಥ ದಟ್ಟ ನೀಲಿ ಅವನ ಕೈಯಿಂದಲೂ ಅಪರೂಪಕ್ಕೆ ಬಂದಿತ್ತು.

ಆತ ಅದನ್ನು ಮುಖಕ್ಕೆ ಒತ್ತಿಕೊಂಡು ಉಸಿರೆಳೆದ. ಮತ್ತೆ ಮತ್ತೆ ಎಳೆದ. "ಸತ್ತ ತೊಟ್ಟಿ ಹೀಗೆ ಬಣ್ಣ ಕೊಡಲ್ಲ," ಎಂದು ತನ್ನಷ್ಟಕ್ಕೆ ಅಂದುಕೊಂಡ.

ಮಗಳು ಅವನನ್ನೇ ನೋಡಿದಳು. ಅವಳ ಸಿಟ್ಟೆಲ್ಲ ಇಳಿದುಹೋಗಿತ್ತು.

"ಅಪ್ಪ, ಜ್ವರ ಬಿಟ್ಟ ಮೇಲೆ ನಿನಗೆ ಯಾವುದಾದ್ರೂ ವಾಸನೆ ಗೊತ್ತಾಗಿದೆಯಾ?"