ಬೆಳಗಬಾರದ ಕೊಳವೆ

ಬೆಳಗಬಾರದ ಕೊಳವೆ ಬೆಳಗಿಬಿಟ್ಟಿತು. ಕಿರುಬೆರಳಿನಷ್ಟು ದಪ್ಪದ ಆ ಚೌಕ ಗಾಜಿನ ಕೊಳವೆಯಲ್ಲಿದ್ದದ್ದು ಬರೀ ನೀರು, ಜೊತೆಗೆ ಒಂದು ತೊಟ್ಟು ಲೋಹದ ದ್ರಾವಣ. ಡಿಎನ್‌ಎ ಹೆಸರಿಗೂ ಇರಲಿಲ್ಲ. ಆದರೂ ನೀಲಿ ಬೆಳಕು ಬಿದ್ದದ್ದೇ ತಡ, ಕೆಂಡದ ಹಾಗೆ ಕೆಂಪಗೆ ಹೊಳೆಯಿತು. ಸದಾ ಕತ್ತಲೆ ಕೋಣೆಯಲ್ಲೇ ಕೂತಿರುತ್ತಾಳೆಂದು ಲ್ಯಾಬಿನವರೆಲ್ಲ ಮಿಂಚುಹುಳ ಎಂದು ಕರೆಯುತ್ತಿದ್ದ ಸಂಶೋಧನಾ ವಿದ್ಯಾರ್ಥಿನಿ ದೀಪ ಆರಿಸಿ ಮತ್ತೆ ಹಚ್ಚಿ ನೋಡಿದಳು; ಮತ್ತೆ ಅದೇ ಕೆಂಪು.

ನಾಲ್ಕು ವರ್ಷ ಒದ್ದಾಡಿ ಅವಳು ಕಟ್ಟಿದ ರುಥೇನಿಯಂ ಸಂಯುಕ್ತ ಅದು. ಬರೀ ನೀರಿನಲ್ಲಿ ಅದಕ್ಕೆ ಬೆಳಕೇ ಇಲ್ಲ. ನೀರು ಅದನ್ನು ಆರಿಸಿಬಿಡುತ್ತದೆ. ಡಿಎನ್‌ಎ ಸಿಕ್ಕಿತೋ, ಆ ತಿರುಚಿದ ಏಣಿಯ ಎರಡು ಮೆಟ್ಟಿಲುಗಳ ನಡುವೆ ಮೆಲ್ಲನೆ ನುಸುಳಿ ಕೂತುಬಿಡುತ್ತದೆ. ಅಲ್ಲಿಗೆ ನೀರು ತಲುಪದು. ಗಾಳಿಗೆ ಅಂಗೈ ಅಡ್ಡ ಹಿಡಿದ ದೀಪದಂತೆ ಆಗ ಬೆಳಗತೊಡಗುತ್ತದೆ. ಅವಳ ಪ್ರಬಂಧದ ಜೀವಾಳವೇ ಇದು. ಹನ್ನೊಂದು ಗಂಟೆಗೆ ಹೊರಗಿನ ಪರೀಕ್ಷಕರು ಬಂದು ಕಣ್ಣಾರೆ ನೋಡುವವರಿದ್ದರು. ಈಗ ನೋಡಿದರೆ ಈ ಮಹಾರಾಯ ಕಂಡಕಂಡಲ್ಲೆಲ್ಲ ಹಲ್ಲು ಕಿರಿಯುತ್ತಿದ್ದಾನೆ!

"ಮೇಡಂ, ನೀರಲ್ಲೂ ಹೊಳೀತಿದೆ," ಎಂದಳು ಪ್ರೊಫೆಸರ ಬಾಗಿಲಲ್ಲಿ ನಿಂತು.

ಪ್ರೊಫೆಸರು ಕನ್ನಡಕ ತೆಗೆದರು. "ಗಂಟೆ ಒಂಬತ್ತಾಯ್ತು, ಈಗ ಹೇಳ್ತಿದ್ದೀಯಲ್ಲೇ! ಇದು ನಿಜ ಆದ್ರೆ ನಾಲ್ಕು ವರ್ಷ ನೀರಲ್ಲಿ ಹೋಮ. ಅವರ ಮುಂದೆ ಮುಚ್ಚಿಡೋಕಂತೂ ಆಗಲ್ಲ."

"ಮುಚ್ಚಿಡೋ ಹಾಗಿದ್ರೆ ನಿಮ್ಮ ಹತ್ರ ಬರ್ತಾನೇ ಇರಲಿಲ್ಲ ಮೇಡಂ."

ವಾಪಸು ಬಂದಾಗ ಅವಳ ಮೇಜಿನ ಬಳಿ ಗಾಜಿನಕ್ಕ ನಿಂತಿದ್ದಳು. ಇಪ್ಪತ್ತೆರಡು ವರ್ಷದಿಂದ ಆ ಲ್ಯಾಬಿನ ಗಾಜಿನ ಸಾಮಾನು ತೊಳೆಯುವವಳು. ಮಗಳ ಹೆರಿಗೆಗೆಂದು ಎಂಟು ದಿನ ರಜೆ ಹಾಕಿ, ಅಂದೇ ಬೆಳಿಗ್ಗೆ ಕೆಲಸಕ್ಕೆ ಮರಳಿದ್ದಳು. ತೊಳೆದಿಟ್ಟ ಇನ್ನೊಂದು ಕೊಳವೆಗೆ ಚೂರು ನೀರು ಹಾಕಿ, ಹೆಬ್ಬೆರಳಿಂದ ಬಾಯಿ ಮುಚ್ಚಿ, ಜೋರಾಗಿ ಅಲ್ಲಾಡಿಸಿ ಕಿಟಕಿಗೆ ಹಿಡಿದಿದ್ದಳು.

"ಇದನ್ನ ತೊಳೆದೋರು ಯಾರು?"

"ನಾನೇ ಅಕ್ಕ. ನೀವಿರಲಿಲ್ವಲ್ಲ."

"ನೋಡು, ಗುಳ್ಳೆ ಒಡೀತಾನೇ ಇಲ್ಲ. ಎಷ್ಟು ಸಲ ನೀರು ಹಾಯಿಸಿದೆ ತಾಯಿ?"

"ಎರಡು ಸಲ. ಚೆನ್ನಾಗೇ ಹಾಯಿಸಿದ್ದೆ."

"ಊಟದ ತಟ್ಟೆಗೆ ಅಷ್ಟು ಸಾಕು. ಇದಕ್ಕೆ ಹನ್ನೆರಡು ಸಲ."

ಸೋಪು! ನೀರಿನಲ್ಲಿ ಸೋಪಿನ ಕಣಗಳು ಒತ್ತೊತ್ತಾಗಿ ಗುಂಪುಗೂಡಿ, ನಡುವೆ ಸಿಕ್ಕ ಸಂಯುಕ್ತವನ್ನು ನೀರಿನಿಂದ ಮರೆಮಾಡುತ್ತವೆ. ತನ್ನ ಪ್ರಬಂಧದ ಎರಡನೇ ಅಧ್ಯಾಯದಲ್ಲಿ ಅವಳೇ ಇದನ್ನು ಬರೆದಿದ್ದಳು. ತಾನು ಕೈ ಅದ್ದಿದ ತೊಟ್ಟಿಯಲ್ಲೂ ಅದೇ ಸೋಪು ಇರುತ್ತದೆಂದು ಮಾತ್ರ ಹೊಳೆದಿರಲಿಲ್ಲ, ಅಷ್ಟು ದೊಡ್ಡ ಪಂಡಿತೆ! ಪ್ಯಾಕೆಟ್ಟು ಒಡೆಯದ ಹೊಸ ಕೊಳವೆಯೊಂದರಲ್ಲಿ ನೀರು, ಸಂಯುಕ್ತ ಹಾಕಿ ನೋಡಿದಳು: ಕತ್ತಲೆ. ಬೇಕೆಂದೇ ಒಂದು ತೊಟ್ಟು ಸೋಪುನೀರು ಬಿಟ್ಟಳು: ಕೆಂಡ. ನಗುವೂ ಬಂತು, ಅಳುವೂ ಬಂತು.

ಅಷ್ಟರಲ್ಲಿ ಗಾಜಿನಕ್ಕ ತೋಳು ಮೇಲೇರಿಸಿ ನಲ್ಲಿಯ ಮುಂದೆ ನಿಂತಾಗಿತ್ತು. ತುಟಿಯಲ್ಲೇ ಎಣಿಸುತ್ತ ಎಂಟು ಸಲ ನಲ್ಲಿ ನೀರು, ನಾಲ್ಕು ಸಲ ಭಟ್ಟಿ ಇಳಿಸಿದ ನೀರು. "ಬಟ್ಟೆ ತಾಗಿಸ್ಬೇಡ, ನೂಲು ಬಿಡುತ್ತೆ," ಎಂದು ಒಂದೊಂದನ್ನೂ ಬೋರಲು ಹಾಕಿದಳು. ಮಿಂಚುಹುಳ ಕಣ್ಣು ಮಿಟುಕಿಸದೆ ನೋಡಿದಳು. ಈ ಕೈಗಳನ್ನು ನಂಬಿ ಎಷ್ಟು ಜನ ಡಾಕ್ಟರೇಟ್ ಪಡೆದು ಹೋದರೋ! ನಾಲ್ಕು ವರ್ಷದಲ್ಲಿ ಒಮ್ಮೆಯೂ ಹೀಗೆ ನಿಂತು ನೋಡಲಿಲ್ಲವಲ್ಲ ಎಂದು ಅವಳಿಗೆ ನಾಚಿಕೆಯಾಯಿತು.

ಹನ್ನೊಂದಕ್ಕೆ ಪರೀಕ್ಷಕರು ಬಂದರು. ಡಿಎನ್‌ಎ ಇದ್ದ ಕೊಳವೆ ಕೆಂಪಗೆ ಬೆಳಗಿದಾಗ "ಭೇಷ್" ಎಂದರು. ಆಮೇಲೆ ಬರೀ ನೀರಿನ ಕೊಳವೆಯ ಮುಂದೆ ಬಗ್ಗಿದವರು ಎಷ್ಟು ಹೊತ್ತಾದರೂ ಏಳಲಿಲ್ಲ.

"ಇದನ್ನ ಇಷ್ಟು ಕತ್ತಲಾಗಿ ಇಟ್ಟಿದ್ದು ಹೇಗಮ್ಮ? ನಮ್ಮಲ್ಲಿ ಎಷ್ಟೇ ಮಾಡಿದ್ರೂ ಚೂರು ಮಿಣುಕ್ತಾನೇ ಇರುತ್ತೆ."

ಮಿಂಚುಹುಳ ಹೊರಗೆ ಓಡಿ, ಗಾಜಿನಕ್ಕನ ಒದ್ದೆ ಕೈ ಹಿಡಿದು ಎಳೆದುಕೊಂಡೇ ಬಂದಳು. "ಇವರು ಇಟ್ಟಿದ್ದು ಸರ್."

ಗಾಜಿನಕ್ಕ ಸಂಕೋಚದಿಂದ ಬಗ್ಗಿ, ಕಣ್ಣು ಕಿರಿದು ಮಾಡಿ ಕೊಳವೆಯೊಳಗೆ ನೋಡಿದಳು.

"ಇದರಲ್ಲಿ ಏನೂ ಕಾಣ್ತಾನೇ ಇಲ್ವಲ್ಲ ತಾಯಿ?"

"ಅದೇ ಅಕ್ಕ, ನಿಮ್ಮ ಕೆಲಸ."