ಓಡಿದ ದೂರ ಖಚಿತವಿಲ್ಲ

"ಈ ಗಾಡಿ ನಿಜವಾಗಿ ಎಷ್ಟು ಓಡಿದೆ?" ಮುದುಕ ಮೂರನೇ ಸಲ ಕೇಳಿದ.

ಸ್ಟೀರಿಂಗ್ ಹಿಡಿದಿದ್ದ ಕ್ಲೇಟನ್ ರಸ್ತೆಯಿಂದ ಕಣ್ಣು ತೆಗೆಯಲಿಲ್ಲ. "ಪೇಪರಿನಲ್ಲೇ ಬರೆದಿದೆಯಲ್ಲ ಬಾಬಾ, ಓಡಿದ ದೂರ ಖಚಿತವಿಲ್ಲ ಅಂತ. ನಲವತ್ತು ವರ್ಷದ ಅಮೆರಿಕನ್ ಗಾಡಿ. ಮೀಟರನ್ನು ಯಾರು ನಂಬ್ತಾರೆ?"

"ನೀನು ಎಲ್ಲೆಲ್ಲಿ ಓಡಿಸಿದೆ?"

"ಇಲ್ಲೇ ಊರೊಳಗೆ, ಸೀಬ್, ರೂವಿ. ಅಷ್ಟೇ."

"ಆದಮ್ ಕಡೆ?"

"ಇಲ್ಲವೇ ಇಲ್ಲ."

ಹಸಿ ಸುಳ್ಳು. ಐದು ತಿಂಗಳ ಹಿಂದೆ, ಆದಮ್ ದಾಟಿದ ಮೇಲಿನ ಮರುಭೂಮಿ ರಸ್ತೆಯಲ್ಲಿ, ಮರಳುಗಾಳಿ ಎದ್ದ ಒಂದು ಬೆಳಿಗ್ಗೆ, ಈ ಉದ್ದ ಮೂತಿಯ ಕಂದು ಕಾರಿಗೆ ಬಿಳಿಯದೇನೋ ಬಡಿದಿತ್ತು. ಬಾನೆಟ್ ಮೇಲೆ ಎಗರಿ ಆಚೆ ಬಿದ್ದಿತ್ತು. ಆಮೇಲೆ ನರಳಾಟ. ಬಿಳಿ ನಿಲುವಂಗಿ ತೊಟ್ಟ ಯಾರೋ ಒಮಾನಿ, ಬೇರೆ ಇನ್ಯಾರು? ಪುಣ್ಯಾತ್ಮ ಕ್ಲೇಟನ್ ಕಾರು ನಿಲ್ಲಿಸಲಿಲ್ಲ, ಕನ್ನಡಿಯಲ್ಲಿ ಕೂಡ ಹಿಂದೆ ನೋಡಲಿಲ್ಲ! ಅಲ್ ಖೌದ್‌ನ ಫ್ಲ್ಯಾಟಿಗೆ ಬಂದು, ಹೆಂಡತಿ ಮೆರಿಲ್‌ಗೆ ಕಾರು ಕಂಬಕ್ಕೆ ತಾಗಿತು ಎಂದ. ಗುಟ್ಟಾಗಿ ಬಾನೆಟ್ ಬದಲಿಸಿದ, ಹೆಡ್‌ಲೈಟ್ ಬದಲಿಸಿದ, ಆದಮ್‌ಗೆ ಹೋಗಿಬಂದ ಅಷ್ಟೂ ದೂರವನ್ನು ಮೀಟರಿನಲ್ಲಿ ಹಿಂದಕ್ಕೆ ತಿರುಗಿಸಿದ. ಕಾರಿನ ಹಳೆಯ ಪತ್ರದಲ್ಲಿದ್ದ ಆ ಒಂದು ಸಾಲು ಅವನ ಪಾಲಿಗೆ ದೇವರು ಕೊಟ್ಟ ವರ. ಗಾಡಿ ಮಾರಿಬಿಟ್ಟರೆ ಪೀಡೆ ತೊಲಗಿತು. ಸಿಕ್ಕಿಬಿದ್ದರೆ ಅವನಿಗೆ ಜೈಲು. ಮೆರಿಲ್ ಎರಡು ಮಕ್ಕಳನ್ನು ಕಟ್ಟಿಕೊಂಡು ಬರಿಗೈಯಲ್ಲಿ ಮಂಗಳೂರಿಗೆ ಹೋಗಬೇಕು.

ಕೊಳ್ಳಲು ಬಂದ ಈ ಮುದುಕನೋ, ವಿಚಿತ್ರ ಗಿರಾಕಿ. ಹೆಸರು ಫಾಹಿಮ್. ಅರಬಿ ಬೆರೆತ ಹಿಂದಿ ಮಾತಾಡುವ ಒಮಾನಿ. ಹೇಳಿದ ಬೆಲೆಗೆ ತುಟಿಪಿಟಿಕ್ಕೆನ್ನದೆ ಒಪ್ಪಿದ್ದ. ಎಂಜಿನ್ ನೋಡಲಿಲ್ಲ, ಟೈರು ಒದೆಯಲಿಲ್ಲ. ಹೊಸ ಬಾನೆಟ್ಟನ್ನು ಮಾತ್ರ ಅಂಗೈಯಿಂದ ಸವರಿ ಸವರಿ ನೋಡಿದ. ಜೊತೆಗೆ ಬಂದ ಅವನ ಹೆಂಡತಿ ಯಾರೂ ಕರೆಯದೆಯೇ ಮೆಟ್ಟಿಲು ಹತ್ತಿ ಮೆರಿಲ್ ಬಳಿ ಹೋಗಿ ಕೂತಿದ್ದಳು.

"ಅವಳು ಅಲ್ಲೇ ಇರಲಿ. ನಮ್ಮಿಬ್ಬರ ಮಾತು ಬೇರೆ ಇದೆ," ಎಂದು ಮುದುಕ ಕಾರನ್ನು ಊರಾಚೆಯ ಒಣ ಹೊಳೆಯ ಕಡೆ ತಿರುಗಿಸಲು ಹೇಳಿದ್ದ.

ಮನೆ ನೋಡಿಕೊಂಡರು, ಹೆಂಡತಿ ಮಕ್ಕಳನ್ನು ನೋಡಿಕೊಂಡರು. ಸೇಡು ತೀರಿಸಲೆಂದೇ ಬಂದಿದ್ದಾರೆ ಎಂದುಕೊಂಡ ಕ್ಲೇಟನ್.

"ಇಲ್ಲಿ ನಿಲ್ಲಿಸು."

ಮಧ್ಯಾಹ್ನ ಎರಡು ಗಂಟೆಯ ಬಿಸಿಲು. ಸುತ್ತ ಬರೀ ಕಲ್ಲು, ಒಂದು ನರಪಿಳ್ಳೆಯಿಲ್ಲ. ಮುದುಕ ಕೋಲೂರಿ ಇಳಿದ. ಸ್ಟೆಪ್ನಿ ತೋರಿಸುವ ನೆಪದಲ್ಲಿ ಕ್ಲೇಟನ್ ಡಿಕ್ಕಿ ತೆರೆದ. ವೀಲ್ ಸ್ಪ್ಯಾನರ್ ಕೈಗೆ ಸಿಕ್ಕಿತು. ಬಿಸಿಗೆ ಅದು ಕೈ ಸುಡುತ್ತಿತ್ತು.

"ಐದು ತಿಂಗಳಿಂದ ಈ ಕಾರನ್ನೇ ಹುಡುಕುತ್ತಿದ್ದೇನೆ," ಎಂದ ಫಾಹಿಮ್. "ಒಂದು ಗ್ಯಾರೇಜನ್ನೂ ಬಿಡಲಿಲ್ಲ. ಅವತ್ತು ನಾನು ದೂರದಲ್ಲಿ ನಿಂತಿದ್ದೆ. ಎಲ್ಲ ನೋಡಿದೆ."

ಕ್ಲೇಟನ್ ಸ್ಪ್ಯಾನರನ್ನು ಬೆನ್ನ ಹಿಂದೆ ಹಿಡಿದ. "ಏನು ನೋಡಿದಿರಿ?"

"ಸತ್ತದ್ದು ನನ್ನ ಮನೆಯಲ್ಲೇ ಬೆಳೆದ ಕೂಸು. ಈ ಕೈಯಲ್ಲೇ ಮಣ್ಣು ಮಾಡಿದೆ." ಮುದುಕನ ಕಣ್ಣು ತುಂಬಿತ್ತು. "ಪೊಲೀಸರಿಗೆ ಹೇಳಬೇಕಿತ್ತು, ಹೇಳಲಿಲ್ಲ. ನಿದ್ದೆ ಬರುವುದಿಲ್ಲ. ಇವತ್ತು ಇದನ್ನು ಇಲ್ಲೇ ಖಲಾಸ್ ಮಾಡೋಣ."

ಅವನ ಬಲಗೈ ನಿಲುವಂಗಿಯೊಳಗೆ ಹೋಯಿತು.

ಕ್ಲೇಟನ್ ಬೀಸಿದ. ಮೊದಲ ಏಟಿಗೆ ಮುದುಕನ ಮೊಣಕೈ ಲಟಕ್ಕೆಂದಿತು. ಎರಡನೆಯದು ಕಿವಿಯ ಮೇಲೆ ಬಿತ್ತು. ಮುದುಕ ಮಂಡಿಯೂರಿದ, ಕೋಲು ಕಲ್ಲುಗಳ ನಡುವೆ ಉರುಳಿತು. "ಯಾಕೆ? ಯಾಕೆ?" ಎಂದು ಅರಬಿಯಲ್ಲಿ ಕೇಳುತ್ತಲೇ ಎಡಗೈಯಿಂದ ಕ್ಲೇಟನ್‌ನ ಕಾಲು ಹಿಡಿದುಕೊಂಡ. ಕ್ಲೇಟನ್ ಆ ಕೈಗೂ ಬಡಿದ. ಬೆರಳು ಸಡಿಲವಾಗುವ ತನಕ ಬಡಿದ, ಸಡಿಲವಾದ ಮೇಲೂ ಬಡಿದ. "ನನ್ನ ಮಕ್ಕಳಿದ್ದಾರೆ! ನನಗೂ ಮಕ್ಕಳಿದ್ದಾರೆ!" ಎಂದು ಅಳುತ್ತಾ ಅರಚುತ್ತಿದ್ದ. ಅಂಗಿಯ ಮೇಲೆ, ಗಲ್ಲದ ಮೇಲೆ ರಕ್ತ ಸಿಡಿದಿತ್ತು. ಮುದುಕ ಕೊನೆಗೊಮ್ಮೆ ಉಸಿರೆಳೆದ, ಬಿಡಲಿಲ್ಲ.

ನಿಲುವಂಗಿಯೊಳಗಿಂದ ಬಲಗೈ ಹೊರಗೆ ಜಾರಿತು. ಚಾಕು ಇರಲಿಲ್ಲ. ದಪ್ಪನೆಯ ಒಂದು ಲಕೋಟೆ ಇತ್ತು, ಒಳಗೆ ಕಾರಿನ ಪೂರ್ತಿ ಬೆಲೆ.

ಅಷ್ಟರಲ್ಲಿ ಮೆರಿಲ್ ಫೋನು ಬಂತು.

"ನೀವು ಎಂಥ ಮನುಷ್ಯ ಮಾರಾಯ್ರೆ!" ಅವಳು ನಗುತ್ತಿದ್ದಳು. "ಕಂಬಕ್ಕೆ ತಾಗಿದ್ದು ಅಂತ ನನ್ನ ಹತ್ರ ಸುಳ್ಳು ಹೇಳಿದ್ದಾ? ಈ ಅಮ್ಮ ಎಲ್ಲ ಹೇಳಿದ್ರು. ಕಟ್ಟಿ ಹಾಕದೆ ಬಿಟ್ಟದ್ದು ಅವರದ್ದೇ ತಪ್ಪಂತೆ. ನಿಮಗೆ ಎಲ್ಲಿ ಪೆಟ್ಟಾಗಿದೆಯೋ ಅಂತ ಆ ಅಜ್ಜ ಐದು ತಿಂಗಳು ಹುಡುಕಿದ್ರಂತೆ. ಕಾರಿನ ದುಡ್ಡು ಕೊಟ್ಟು, ಕಾರನ್ನೂ ನಿಮಗೇ ಬಿಟ್ಟು, ಕ್ಷಮೆ ಕೇಳ್ಲಿಕ್ಕೆ ಬಂದದ್ದು ಪಾಪ. ನಾಚಿಕೆಯಂತೆ, ಹಾಗೆ ನಿಮ್ಮನ್ನು ದೂರ ಕರ್ಕೊಂಡು ಹೋಗಿದ್ದಾರೆ. ಹೇಳಿದ್ರಾ ಇಲ್ವಾ ಇನ್ನೂ?"

ಕ್ಲೇಟನ್ ಲಕೋಟೆಯನ್ನು ಕಲ್ಲಿನ ಮೇಲಿಟ್ಟ. "ಮೆರಿಲ್... ಅವತ್ತು ಸತ್ತದ್ದು ಯಾರು?"

"ಯಾರಾ? ಅವರ ಬಿಳಿ ಒಂಟೆ ಮರಿ, ಮಾರಾಯ್ರೆ."