ಪಳಗದ ಬ್ರೇಕು

ಹಿಂದೊಮ್ಮೆ ಧಣಿಯ ಕಾರು ಹೂ ಮಾರುವ ಹೆಂಗಸೊಬ್ಬಳ ಮೇಲೆ ಹರಿದು ಅವಳು ಸತ್ತಳು. ಓಡಿಸಿದವರು ಧಣಿ, ಜೈಲಿಗೆ ಹೋದವನು ಮೆಕ್ಯಾನಿಕ್ ರಾಚಯ್ಯ.

ಈಗ ಅದೇ ಹಳೇ ಸ್ಪೋರ್ಟ್ಸ್ ಕಾರನ್ನು ಹಳೇ ಕಾರುಗಳ ಪ್ರದರ್ಶನಕ್ಕೆ ಸಜ್ಜುಗೊಳಿಸಲು ಮತ್ತೆ ರಾಚಯ್ಯನೇ ಬೇಕಾದ. ಕಂಪನಿಯಿಂದ ಬಂದಾಗಿನ ಭಾಗಗಳನ್ನೇ ತುಕ್ಕು ಬಿಡಿಸಿ, ಉಜ್ಜಿ ಕೂರಿಸಿದ. ಹಳೇ ಬ್ರೇಕಿಗೆ ಚಕ್ರವನ್ನು ಉಜ್ಜಿ ನಿಲ್ಲಿಸುವ ಹೊಸ ಲೈನಿಂಗ್ ಪಟ್ಟಿ ಅಂಟಿಸಿದ. ಮೆಲ್ಲಗೆ ಓಡಿಸಿ ಪಳಗಿಸುವ ತನಕ ಅದು ಸರಿಯಾಗಿ ಹಿಡಿಯುವುದಿಲ್ಲ. ಅಷ್ಟರಲ್ಲೇ ಧಣಿ ಕೀ ಕಿತ್ತುಕೊಂಡು ಸ್ಟಿಯರಿಂಗ್ ಹಿಡಿದರು. ರಾಚಯ್ಯ ಪಕ್ಕದಲ್ಲಿ ಚಡಪಡಿಸುತ್ತ ಕೂತ.

"ಮೆಲ್ಲಗೆ ಬುದ್ಧಿ, ಬ್ರೇಕು ಇನ್ನೂ ಪಳಗಿಲ್ಲ."

"ನಂಗೇ ಹೇಳಿಕೊಡ್ತೀಯೇನೋ? ಜೈಲಲ್ಲಿ ಕಲಿತು ಬಂದ್ಯಾ ಡ್ರೈವಿಂಗು?" ಧಣಿ ನಗುತ್ತ ವೇಗ ಏರಿಸಿದರು.

ತಿರುವಿನಲ್ಲಿ ಸೈಕಲ್ಲೊಂದು ಎದುರಾಯಿತು. ಕಾರು ನಿಲ್ಲುವಷ್ಟರಲ್ಲಿ ಸವಾರ ರಸ್ತೆಗೆ ಬಿದ್ದು ನರಳುತ್ತಿದ್ದ. ಟೀ ಅಂಗಡಿಯಲ್ಲಿದ್ದ ಜನ ಕೂಗುತ್ತ ಓಡಿ ಬಂದರು.

"ನಾನು ಇಳೀತೀನಿ, ನೀನು ಈ ಕಡೆ ಸರಿ," ಧಣಿ ಪಿಸುಗುಟ್ಟಿದರು. "ಬೇಗ ಕಣೋ! ನಿನ್ನ ಹೆಂಡ್ರು ಮಕ್ಕಳನ್ನ ಈ ಸಲಾನೂ ನಾನೇ ನೋಡ್ಕೋತೀನಿ."

ರಾಚಯ್ಯ ಧಣಿಯ ತೋಳನ್ನು ಬಿಗಿಯಾಗಿ ಹಿಡಿದುಕೊಂಡ.

"ಅಲ್ಲೇ ಕೂತಿರಿ. ಜನ ನೋಡ್ಲಿ."